ಬ್ರೆಡ್ಡಿಲ್ಲದ ಬೋರ್ಡು

ನ್ಯೂಜೆರ್ಸಿಯ ನಮ್ಮ ಕನ್ನಡದ ಮನೆಗಳಲ್ಲಿ ಸಂಜೆಯ ಕೂಟ ಅಂದರೆ ಮೊದಲೆಲ್ಲ ಬೋಂಡಾ, ಸಮೋಸ. ಮಕ್ಕಳು ಇಲ್ಲೇ ಬೆಳೆದು ದೊಡ್ಡವರಾದ ಮೇಲೆ ಶಾರ್ಕುಟರಿ ಬೋರ್ಡೂ ಒಳಗೆ ಬಂತು: ಮರದ ಹಲಗೆಯ ಮೇಲೆ ಉಪ್ಪು ಹಾಕಿ ಒಣಗಿಸಿದ ಮಾಂಸ, ಚೀಸ್, ಹಣ್ಣು, ಬೀಜ, ಕ್ರ್ಯಾಕರ್. ಬಂದವರಲ್ಲಿ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. ಅವರಿಗೆಂದು ಪ್ರತ್ಯೇಕ ತಟ್ಟೆ ಇಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅವರೂ ಉಳಿದವರೂ ಒಂದೇ ಹಲಗೆಗೆ ಕೈಹಾಕಬೇಕು. ಯಾರೂ ತಮ್ಮ ಶುಗರ್ ಮಾತೆತ್ತುವ ಪ್ರಸಂಗ ಬರಬಾರದು. ಅದಕ್ಕಾಗಿ ಜೋಡಿಸುತ್ತಾ ಜೋಡಿಸುತ್ತಾ ಕಲಿತದ್ದು ಇಷ್ಟು.

1. ಕ್ರ್ಯಾಕರ್ ತೆಗೆದರೆ ಅದರ ಕೆಲಸವನ್ನು ಬೇರೆಯದಕ್ಕೆ ವಹಿಸಿ. ಕ್ರ್ಯಾಕರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಆದರೆ ಹಲಗೆಯ ಮೇಲೆ ಅದು ಎರಡು ಕೆಲಸ ಮಾಡುತ್ತಿರುತ್ತದೆ: ಹಲ್ಲಿಗೆ ಗರಿಗರಿ ಕೊಡುತ್ತದೆ, ಚೀಸನ್ನು ಹೊತ್ತು ಬಾಯಿಗೆ ತರುತ್ತದೆ. ಇವೆರಡಕ್ಕೂ ಆಳು ಹುಡುಕದಿದ್ದರೆ ಎಣ್ಣೆ-ಉಪ್ಪಿನ ಮೆತ್ತನೆಯ ರಾಶಿಯಷ್ಟೇ ಉಳಿಯುತ್ತದೆ, ನಾಲ್ಕು ತುತ್ತಿಗೆ ಸಾಕೆನಿಸುತ್ತದೆ.

ಗರಿಗರಿಗೆ ಚೀಸನ್ನೇ ಬಳಸಿ. ತುರಿದ ಪಾರ್ಮೆಜಾನನ್ನು ಬೇಕಿಂಗ್ ಕಾಗದದ ಮೇಲೆ ಚಮಚ ಚಮಚವಾಗಿ ತೆಳ್ಳಗೆ ಹರಡಿ, 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಐದಾರು ನಿಮಿಷ ಇಡಿ. ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ಹೊರಗೆ ತೆಗೆಯಬೇಕು, ಕಂದಾದರೆ ಕಹಿ. ಆರಿದ ಮೇಲೆ ಹಪ್ಪಳದಂತೆ ಮುರಿಯುತ್ತದೆ. ಊರಿಂದ ಬಂದ ಮಜ್ಜಿಗೆ ಮೆಣಸಿನಕಾಯಿಯನ್ನು ಕರಿದು ಮೂಲೆಯಲ್ಲಿಡುವುದೂ ನನ್ನ ರೂಢಿ. ಮೆತ್ತನೆಯ ಬ್ರೀ ಚೀಸಿನ ಜೊತೆ ಅದರ ಖಾರ, ಹುಳಿ ಬಹಳ ಸೊಗಸು. ಹೊರುವ ಕೆಲಸಕ್ಕೆ ದಪ್ಪ ಸೌತೆಕಾಯಿ ಬಿಲ್ಲೆ, ದೊಣ್ಣೆಮೆಣಸಿನಕಾಯಿ ಪಟ್ಟಿ, ದೋಣಿಯಾಕಾರದ ಎಂಡೈವ್ ಎಲೆ. ಸೌತೆಕಾಯಿಯ ತೇವವನ್ನು ಬಟ್ಟೆಯಿಂದ ಒರೆಸಿ ಇಡಿ. ಬಾದಾಮಿ ಹಿಟ್ಟಿನ ನಕಲಿ ಬ್ರೆಡ್ಡನ್ನು ನಾನು ಇಡುವುದಿಲ್ಲ. ಬ್ರೆಡ್ ಇಲ್ಲವೆಂಬುದನ್ನು ಅದೇ ನೆನಪಿಸುತ್ತದೆ.

2. ಕಾರ್ಬೋಹೈಡ್ರೇಟ್ ನುಸುಳುವುದು ಅಂಚಿನಿಂದ. ಚೆಡ್ಡರ್, ಬ್ರೀ, ಗ್ರುಯೇರ್‌ನಂಥ ಚೀಸಿನಲ್ಲಿ ಅದು ಅತ್ಯಲ್ಪ. ಪ್ರೊಷುಟೊ, ಸಲಾಮಿಯಂಥ ಮಾಂಸದಲ್ಲೂ ಹಾಗೆಯೇ. ಅಲಂಕಾರಕ್ಕೆಂದು ಸುರಿಯುವುದರಲ್ಲಿದೆ ಅಪಾಯ. 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 18 ಗ್ರಾಂ, ಒಣ ಅಂಜೂರದಲ್ಲಿ 60ಕ್ಕೂ ಮೇಲೆ, ಜೇನಿನಲ್ಲಿ 80ಕ್ಕೂ ಮೇಲೆ. ಅದೇ ಸ್ಟ್ರಾಬೆರಿಯಲ್ಲಿ ಎಂಟರ ಆಸುಪಾಸು. ಸಿಹಿಯ ಜಾಗಕ್ಕೆ ಸ್ಟ್ರಾಬೆರಿ, ರಾಸ್ಪ್‌ಬೆರಿ ಸಾಕು; ರಾಸ್ಪ್‌ಬೆರಿಯ ಅರ್ಧದಷ್ಟು ಕಾರ್ಬ್ ಬರೀ ನಾರು. ಬೀಜಗಳಲ್ಲಿ ಗೋಡಂಬಿ ಮೋಸದ್ದು: 100 ಗ್ರಾಂಗೆ 30ರಷ್ಟು, ನಾರು ಬಹಳ ಕಡಿಮೆ. ಅಕ್ರೋಟು, ಪೆಕಾನ್, ಬಾದಾಮಿ ಇರಲಿ.

3. ಹುಳಿ ಇಲ್ಲದೆ ಹಲಗೆ ನಡೆಯದು. ಕೊಬ್ಬನ್ನು ಕತ್ತರಿಸಿ ನಾಲಗೆಯನ್ನು ಮತ್ತೆ ಸಿದ್ಧಮಾಡುವುದೇ ಹುಳಿ. ಫ್ರೆಂಚರು ಇದಕ್ಕೆಂದೇ ಕಾರ್ನಿಶೊನ್ ಎಂಬ ಪುಟ್ಟ ಸೌತೆಯ ಉಪ್ಪಿನಕಾಯಿಯನ್ನೂ ಸಾಸಿವೆಯನ್ನೂ ಇಡುತ್ತಾರೆ. ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಓದಿ: ಅಮೆರಿಕದ ಉಪ್ಪಿನಕಾಯಿ, ಸಾಸಿವೆಗಳಲ್ಲಿ ಸಕ್ಕರೆ ಹಾಕಿದವು ಬಹಳ. ನನ್ನ ಹಲಗೆಯಲ್ಲಿ ಅಪ್ಪೆಮಿಡಿಗೆ ಕಾಯಂ ಜಾಗ. ವರ್ಷ ದಾಟಿದ ಗಟ್ಟಿ ಚೆಡ್ಡರಿನ ಜೊತೆ ಅದನ್ನು ಚೂರೇ ಚೂರು ಕಚ್ಚಿ ನೋಡಿ. ಮಲೆನಾಡಿನ ಆ ಪರಿಮಳಕ್ಕೆ ಎದುರುನಿಲ್ಲುವ ಚೀಸ್ ಅದೊಂದೇ ಎಂದು ನಾನು ಹೇಳುತ್ತೇನೆ.

4. ಸಸ್ಯಾಹಾರಿಗಳಿಗೆ ಹಲಗೆಯೇ ಬೇರೆ, ಚಾಕುವೂ ಬೇರೆ. ಇದರಲ್ಲಿ ರಾಜಿ ಬೇಡ. ಮಾಂಸವಿಲ್ಲದ ಮಾತ್ರಕ್ಕೆ ಹಲಗೆ ಸಸ್ಯಾಹಾರವಾಗುವುದಿಲ್ಲ. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ನಿಯಮವೇ ಹಾಗಿದೆ. ಲೇಬಲ್ಲಿನಲ್ಲಿ ಬರೀ ‘ಎಂಜೈಮ್’ ಎಂದಿದ್ದರೆ ಏನೂ ತಿಳಿಯದು. ‘ಮೈಕ್ರೋಬಿಯಲ್’ ಅಥವಾ ‘ವೆಜಿಟೇರಿಯನ್’ ಎಂದು ಬರೆದದ್ದನ್ನೇ ತನ್ನಿ, ಮೊದಲನೇ ಪಾಠದ ಚೀಸ್ ಹಪ್ಪಳಕ್ಕೂ ಅದನ್ನೇ ತುರಿಯಿರಿ. ನಿಂಬೆರಸದಲ್ಲಿ ಒಡೆಸಿದ ಪನೀರಿಗೆ ಈ ಪ್ರಶ್ನೆಯೇ ಇಲ್ಲ. ಮೆಣಸು-ಉಪ್ಪು ಸವರಿ ಬಾಣಲೆಯಲ್ಲಿ ಕೆಂಪಗೆ ಹುರಿದಿಡಿ. ಮಾಂಸದ ಹಲಗೆಯಲ್ಲೂ ಯಾವುದು ಹಂದಿಯದು, ಯಾವುದು ದನದ್ದು ಎಂಬ ಚೀಟಿ ಇರಲಿ. ಸಲಾಮಿ ಸಾಮಾನ್ಯವಾಗಿ ಹಂದಿಯದು, ಬ್ರೆಸಾವೊಲಾ ದನದ್ದು.

5. ಕಾರ್ಬ್ ಕಡಿಮೆಯಾದರೂ ಉಪ್ಪು ಕಡಿಮೆಯಲ್ಲ. 100 ಗ್ರಾಂ ಪ್ರೊಷುಟೊದಲ್ಲಿ ಸುಮಾರು 5 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ ಅಷ್ಟು. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ವರ್ಗೀಕರಿಸಿದೆ. ಶುಗರ್ ಇದ್ದವರಲ್ಲಿ ಬಿಪಿಯೂ ಇರುವವರು ಬಹಳ. ಆದ್ದರಿಂದ ತಲೆಗೆ 40 ಗ್ರಾಂ ಮಾಂಸ, 50 ಗ್ರಾಂ ಚೀಸ್ ನನ್ನ ಲೆಕ್ಕ. ಉಳಿದ ಜಾಗವೆಲ್ಲ ಹಸಿ ತರಕಾರಿಗೆ. ಪ್ರೊಷುಟೊವನ್ನು ಒಂದೊಂದೇ ಎಳೆಯಾಗಿ ಸಡಿಲಗೊಳಿಸಿ ಮಡಿಸಿಟ್ಟರೆ ಸ್ವಲ್ಪವೇ ಹಲಗೆ ತುಂಬುತ್ತದೆ, ಕೈಗೂ ಒಂದೊಂದೇ ಬರುತ್ತದೆ.

6. ಒಂದು ಬಟ್ಟಲು ಕ್ರ್ಯಾಕರ್ ಪಕ್ಕದಲ್ಲಿ ಇರಲೇಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ತಿನ್ನದೆ ವೈನ್ ಕುಡಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಮದ್ಯವನ್ನು ಕರಗಿಸುವ ಗಡಿಬಿಡಿಯಲ್ಲಿ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ. ಬೆವರು, ನಡುಕ, ತೊದಲು ಕಂಡರೆ ಅಮಲು ಎಂದುಕೊಂಡು ಬಿಡಬೇಡಿ. ಫ್ರಿಜ್ಜಿನಲ್ಲಿ ಕಿತ್ತಳೆ ರಸ ಇಟ್ಟಿರಿ.

7. ಗಡಿಯಾರ ನೋಡಿ. ಚೀಸನ್ನು ಮುಕ್ಕಾಲು ಗಂಟೆ ಮೊದಲು ಹೊರಗಿಟ್ಟರೆ ಪರಿಮಳ ಬಿಚ್ಚಿಕೊಳ್ಳುತ್ತದೆ. ಮಾಂಸ ಹಾಕುವುದು ಕೊನೆಗೆ. ಇಲ್ಲಿನ ಕೃಷಿ ಇಲಾಖೆಯ ಸೂಚನೆಯಂತೆ ಕೆಡುವ ಪದಾರ್ಥಗಳು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೇಸಿಗೆಯಲ್ಲಿ ಹಿತ್ತಿಲಲ್ಲಿ ಕೂತಿದ್ದು ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹಾಗಾಗಿ ನಾನು ಅರ್ಧವನ್ನಷ್ಟೇ ಮೊದಲು ಜೋಡಿಸಿ, ಉಳಿದರ್ಧವನ್ನು ಫ್ರಿಜ್ಜಿನಲ್ಲಿ ಇನ್ನೊಂದು ತಟ್ಟೆಯಲ್ಲಿ ಸಿದ್ಧವಾಗಿ ಇಡುತ್ತೇನೆ. ಬಸುರಿಯರು ಬರುವವರಿದ್ದರೆ ಮೆತ್ತನೆಯ ಚೀಸೂ ಬೇಯಿಸದ ಮಾಂಸವೂ ಅವರಿಗೆ ಬೇಡ. ಅವರ ಕೈಗೆ ಎಟಕುವ ಕಡೆ ಗಟ್ಟಿ ಚೆಡ್ಡರ್, ಬಿಸಿ ಪನೀರು, ಅಕ್ರೋಟು ಇಡಿ.