ಮದ್ಯಮುಕ್ತಿಗೆ ಸತ್ಸಂಗವೇ ಪಥ್ಯ

ಇಳಕಲ್ಲ ಚಿತ್ತರಗಿ ಪೀಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಭಕ್ತರಲ್ಲಿ ಬೇಡಿದ್ದು ಕಾಳುಕಡಿಯನ್ನಲ್ಲ, ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಆದರೆ ಜೋಳಿಗೆಗೆ ಚಟ ಹಾಕಿದವನು ಮರುದಿನವೂ ಅದೇ ಓಣಿಯಲ್ಲಿ, ಅದೇ ಗೆಳೆಯರ ನಡುವೆ ಬಾಳಬೇಕು. ನಾವು ಕೊಡುವ ಔಷಧವು ದೇಹಕ್ಕೆ ನೆರವಾದೀತು. ಸಂಕಲ್ಪವನ್ನು ಕಾಯಲು ಸಂಗ ಬೇಕು.

1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳ ತಿರುಳೂ ಇದೇ. ಕುಡಿತ ಬಿಟ್ಟವರು ಮತ್ತು ಬಿಡಬಯಸುವವರು ಕೂಡಿ ತಮ್ಮ ಅನುಭವ ಹೇಳುವರು. ಶುಲ್ಕವಿಲ್ಲ, ಹೆಸರನ್ನು ಹೊರಗೆ ಹೇಳುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಯಲ್ಲಿ ಸೇರುವುದೂ ಇದಕ್ಕಾಗಿಯೇ. ಆಳಂದ, ಅಫಜಲಪುರ, ಜೇವರ್ಗಿಯ ಬಂಧುಗಳು ಸಮೀಪದ ಸಭೆಯನ್ನು ಯೋಜನೆಯ ಕಾರ್ಯಕರ್ತರಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ 14446 ಉಚಿತ ಸಹಾಯವಾಣಿಯಲ್ಲಿ ವಿಚಾರಿಸಬಹುದು. ಹತ್ತಿರದಲ್ಲಿ ಇಲ್ಲವಾದರೆ, ಕುಡಿತ ಬಿಟ್ಟ ಮೂವರು ವಾರಕ್ಕೊಮ್ಮೆ ಮಠದ ಪಡಸಾಲೆಯಲ್ಲಿ ಕುಳಿತರೂ ಅದು ಸಭೆಯೇ.

ಒಂದು ಎಚ್ಚರಿಕೆಯ ಮಾತು. ನಿತ್ಯ ಅತಿಯಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಮತಿಭ್ರಮೆ ತೋರಿ ಪ್ರಾಣಕ್ಕೇ ಕುತ್ತು ಬರಬಹುದು. ಅಂಥವರಿಗೆ ಮೊದಲು ಆಸ್ಪತ್ರೆ, ಬಳಿಕ ಸಭೆ. ಬಿಟ್ಟವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದರೆ ಬರುವ ಧ್ವಂಸಕ, ವಿಕ್ಷೇಪಕ ರೋಗಗಳನ್ನು ಚರಕಸಂಹಿತೆಯು ಮದಾತ್ಯಯ ಚಿಕಿತ್ಸೆಯಲ್ಲಿ ಹೇಳಿದೆ. ಆದ್ದರಿಂದ ಎಡವಿದವನನ್ನು ಮನೆಯವರು ಹಳಿಯದೆ, ವೈದ್ಯರಿಗೆ ತೋರಿಸಿ, ಮರಳಿ ಸಭೆಗೆ ಕರೆತರಬೇಕು.