ಹೂಜಿ ಗಿಡಕ್ಕೆ ಗೊಬ್ಬರ ಬೇಡ ಮಗಳೇ

ಘೋಡ್‌ಬಂದರ್ ರಸ್ತೆಯ ನರ್ಸರಿಯಿಂದ ಹೂಜಿ ಗಿಡ ತಂದು ಬಾಲ್ಕನಿಯಲ್ಲಿ ತೂಗುಹಾಕಿದ್ದೀಯಂತೆ, ಬಹಳ ಸಂತೋಷ ಮಗಳೇ. ಸದ್ಯಕ್ಕೆ ಅದರ ಗೋಜಿಗೆ ಹೋಗಬೇಡ. ಕುಂಡ ಬದಲಿಸಬೇಡ, ಮಣ್ಣು ಸೇರಿಸಬೇಡ, ಗೊಬ್ಬರದ ಮಾತನ್ನೇ ಎತ್ತಬೇಡ. ತುಳಸಿ, ದಾಸವಾಳ ಸಾಕಿದ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೆ ಈ ಗಿಡದ ಕುಲವೇ ಸಾರವಿಲ್ಲದ ನೆಲದ್ದು. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಹುಳುಹುಪ್ಪಟೆಯಿಂದ ಪಡೆಯಲೆಂದೇ ಅದು ಎಲೆಯ ತುದಿಯಲ್ಲಿ ಹೂಜಿ ಕಟ್ಟಿಕೊಂಡಿದೆ. ಗಂಜಿಯಲ್ಲೇ ಬೆಳೆದ ಹೊಟ್ಟೆಗೆ ದಿನವೂ ಹೋಳಿಗೆ ತುರುಕಿದರೆ ಏನಾದೀತೋ, ಸೆಗಣಿ ಗೊಬ್ಬರ ಹಾಕಿದರೆ ಇದರ ಬೇರಿಗೂ ಅದೇ ಗತಿ.

ಮೊದಲು ಅದು ಯಾವ ಜಾತಿಯದು ಎಂದು ನೋಡಿಕೋ. ಎಲೆಯ ತುದಿಯಿಂದ ಬಳ್ಳಿಯಂಥ ಎಳೆ ಇಳಿದು, ಅದರ ಕೊನೆಯಲ್ಲಿ ಹೂಜಿ ತೂಗುತ್ತಿದ್ದರೆ ಅದು ನೆಪೆಂಥಿಸ್. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅದರ ಮಿಶ್ರತಳಿಗಳು, ನಮ್ಮ ಸೆಕೆಗೂ ತೇವಕ್ಕೂ ಒಗ್ಗುವಂಥವು. ಹೂಜಿಗಳು ಕುಂಡದಿಂದಲೇ ನೆಟ್ಟಗೆ, ಕೊಳವೆಯಂತೆ ಎದ್ದು ನಿಂತಿದ್ದರೆ ಅದು ಅಮೆರಿಕದ ಸರಸೇನಿಯ. ಅದಕ್ಕೆ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಒಳ್ಳೆಯ ಚಳಿಯ ವಿಶ್ರಾಂತಿ ಬೇಕು. ನಮ್ಮ ಡೊಂಬಿವಲಿಯ ಡಿಸೆಂಬರ್ ಚಳಿ ಅದಕ್ಕೆ ಸಾಲದು. ನಿನ್ನದು ತೂಗುವ ಜಾತಿಯೇ ಎಂದುಕೊಂಡು ಮುಂದೆ ಹೇಳುತ್ತೇನೆ.

ತಂದ ಕೆಲವು ವಾರಗಳಲ್ಲಿ ಇರುವ ಹೂಜಿಗಳು ಬಾಯಿಯ ಕಡೆಯಿಂದ ಕಂದಾಗಿ ಒಣಗಬಹುದು. ಗಾಬರಿಯಾಗಬೇಡ. ನರ್ಸರಿಯ ನೆರಳುಮನೆಯ ತೇವ ನಿನ್ನ ಏಳನೆಯ ಮಹಡಿಯಲ್ಲಿಲ್ಲ, ಅಷ್ಟೇ. ಒಣಗಿದ ಹೂಜಿಯನ್ನು ಕತ್ತರಿಸಿ ತೆಗೆ, ಹಸಿರಿರುವ ಎಲೆಯನ್ನು ಉಳಿಸು. ಗಿಡ ಒಗ್ಗಿಕೊಂಡಿತೇ ಎಂಬುದನ್ನು ಹೊಸ ಎಲೆ ನೋಡಿ ತಿಳಿ. ಎಳೆಯ ತುದಿ ಮೊದಲು ಸಾಸಿವೆಯಷ್ಟು ಉಬ್ಬುತ್ತದೆ, ನಿಧಾನವಾಗಿ ಮೇಲಕ್ಕೆ ಬಾಗುತ್ತದೆ, ಮುಚ್ಚಳ ಬಿಗಿದುಕೊಂಡೇ ಹಿಗ್ಗುತ್ತಾ ಹೋಗುತ್ತದೆ. ಒಳಗೆ ಜೀರ್ಣರಸ ಸೇರಿದ ಮೇಲೆಯೇ ಮುಚ್ಚಳ ಬಿಡುವುದು. ಆಗ ಅಂಚಿನ ಹೊಳೆಯುವ ಸಣ್ಣ ಏಣುಗಳನ್ನು ಹತ್ತಿರದಿಂದ ನೋಡು. ಅಲ್ಲಿ ಜೇನಿನಂಥ ರಸ ಒಸರುತ್ತದೆ. ಒಣಗಿದ್ದಾಗ ಇರುವೆ ಅಲ್ಲಿ ಆರಾಮವಾಗಿ ಓಡಾಡುತ್ತದೆ; ತೇವ ತಾಗಿತೋ, ಅದೇ ಅಂಚು ಜಾರುಬಂಡಿ. ಎಳೆಯ ತುದಿ ಉಬ್ಬದೆ ಕಪ್ಪಾಗಿ ಉಳಿದರೆ ಬೆಳಕು ಸಾಲದು, ಇಲ್ಲವೇ ಗಾಳಿ ತೀರ ಒಣಗಿದೆ ಎಂದರ್ಥ.

ನೀರಿನ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡ. ಕಲ್ಯಾಣ್-ಡೊಂಬಿವಲಿಗೆ ಉಲ್ಹಾಸ್ ನದಿಯ ನೀರು, ನವಿ ಮುಂಬಯಿಗೆ ಮೋರ್ಬೆ ಅಣೆಕಟ್ಟಿನದು. ನಾವು ಕುಡಿಯಲು ಅಡ್ಡಿಯಿಲ್ಲ, ಆದರೆ ನಲ್ಲಿ ನೀರಿನ ಲವಣ ಈ ಕುಂಡದಲ್ಲಿ ದಿನದಿನಕ್ಕೆ ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸೊಸೈಟಿಗೆ ಬರುವ ಟ್ಯಾಂಕರಿನ, ಬೋರ್‌ವೆಲ್ಲಿನ ಗಡಸು ನೀರಂತೂ ಬೇಡವೇ ಬೇಡ. ಮಳೆನೀರು ಶ್ರೇಷ್ಠ, ಅದಿಲ್ಲದಾಗ ಆರ್‌ಒ ನೀರು. ನೀರಿನಲ್ಲಿ ಕರಗಿದ ಲವಣಾಂಶ, ಅಂದರೆ ಟಿಡಿಎಸ್, 50ರೊಳಗಿದ್ದರೆ ಒಳ್ಳೆಯದು. ಮೊದಲ ಮಳೆಗಳನ್ನು ಹಿಡಿಯಬೇಡ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಿದ್ದ ಸುದ್ದಿ ನೆನಪಿದೆಯಲ್ಲ? ಕಾರ್ಖಾನೆಗಳ ಊರಿನ ಆಕಾಶ ತೊಳೆದುಹೋಗಲು ಕೆಲವು ದಿನ ಬಿಡು. ಕುಂಡದ ಮಿಶ್ರಣ ಸದಾ ತೇವವಾಗಿರಲಿ, ಆದರೆ ನೀರಿನಲ್ಲಿ ಕೂರುವುದು ಬೇಡ. ಕುಂಡದ ಕೆಳಗೆ ತಟ್ಟೆ ಇಡಲೇಬೇಡ. ಮಳೆಗಾಲದಲ್ಲಿ ಕುಂಡದ ತಟ್ಟೆಯ ನಿಂತ ನೀರೇ ಡೆಂಗಿ ಸೊಳ್ಳೆಯ ತೊಟ್ಟಿಲು. ಪಾಲಿಕೆಯವರು ಮನೆಮನೆಗೆ ಬಂದು ನೋಡುವುದೂ ಅದನ್ನೇ.

ಇದು ಮನೆಯ ಸೊಳ್ಳೆಯನ್ನೆಲ್ಲ ನುಂಗುತ್ತದೆಂದು ಮಾರುವವರು ಹೇಳಿದ್ದರೆ ನಂಬಬೇಡ. ಬೀಳುವುದು ಹೆಚ್ಚಾಗಿ ಇರುವೆ. ಹೊರಗಿರುವ ಗಿಡಕ್ಕೆ ಅಷ್ಟೇ ಸಾಕು. ಮಕ್ಕಳು ಮಾಂಸದ ಚೂರು, ಹಾಲು, ಅನ್ನದ ಅಗುಳು ಹಾಕದಂತೆ ನೋಡಿಕೋ. ಹೂಜಿ ಒಳಗೇ ಕೊಳೆಯುತ್ತದೆ. ತರುವಾಗ ರಸ ಚೆಲ್ಲಿ ಪೂರ್ತಿ ಬರಿದಾಗಿದ್ದರೆ ತಳದಲ್ಲಿ ಸ್ವಲ್ಪ ಮಳೆನೀರು ಹಾಕು, ಮತ್ತೇನೂ ಬೇಡ.

ಬೆಳಗಿನ ಎಳೆಬಿಸಿಲು ಬರುವ ಜಾಗ ಉತ್ತಮ. ಏಪ್ರಿಲ್-ಮೇನಲ್ಲಿ ಕಲ್ಯಾಣದ ಕಡೆ ಬಿಸಿಲು 40 ಡಿಗ್ರಿ ಮುಟ್ಟುವುದುಂಟು; ಆಗ ಹಸಿರು ನೆರಳು ಬಲೆ ಕಟ್ಟು, ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸು. ಅಕ್ಟೋಬರಿನ ಸೆಕೆಗೂ ಇದೇ ಆರೈಕೆ. ವರ್ಷ ಎರಡು ವರ್ಷ ಕಳೆದು ಕುಂಡ ಬದಲಿಸುವಾಗ ಮಣ್ಣು ಬೇಡ: ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್, ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದ ತೆಂಗಿನ ಸಿಪ್ಪೆಯ ಚೂರು ಸಾಕು. ಬಿಳಿ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಭಾರತದ ನೆಲದಲ್ಲಿ ತಾನಾಗಿ ಬೆಳೆಯುವ ನೆಪೆಂಥಿಸ್ ಒಂದೇ, ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ನೆಪೆಂಥಿಸ್ ಖಾಸಿಯಾನ. ಅಳಿವಿನಂಚಿನಲ್ಲಿರುವ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವಿದೆ. ಕಾಡಿನಿಂದ ಕಿತ್ತು ತಂದ ಗಿಡವನ್ನು ಯಾರು ಎಷ್ಟೇ ಕಡಿಮೆಗೆ ಕೊಟ್ಟರೂ ಕೊಳ್ಳಬೇಡ. ಮಳೆ ತೀರುವ ಹೊತ್ತಿಗೆ ಊರಿಗೆ ಹೋದರೆ ಮಂಗಳೂರು, ಕಾಸರಗೋಡಿನ ಮುರಕಲ್ಲು ಪದವುಗಳ ಮೇಲೆ ಬಗ್ಗಿ ಹುಡುಕು. ಎಲೆಯ ಕೂದಲ ತುದಿಗಳಲ್ಲಿ ಅಂಟು ಹನಿ ಹೊತ್ತ ಡ್ರಾಸೆರಾ ಸಿಗಬಹುದು, ಅದೂ ಹುಳು ಹಿಡಿದು ಬದುಕುವ ಗಿಡ. ನೋಡು, ಫೋಟೊ ತೆಗೆ, ಕೀಳದೆ ಬಾ. ಹೊರಡುವ ಮೊದಲು ಇಲ್ಲಿ ಮಳೆನೀರಿನ ಕ್ಯಾನುಗಳನ್ನು ತುಂಬಿ, ಮುಚ್ಚಳ ಬಿಗಿದಿಡು. ಜೂನ್ ತನಕ ಅದೇ ಬೇಕಾಗುತ್ತದೆ.