ದಿನ ತುಂಬದ ಕೂಸಿನ ರಕ್ತದಲ್ಲಿ ಸಕ್ಕರೆ ಏರಿದರೆ



ಎಳೆಯ ದ್ರಾಕ್ಷಿ ಸಸಿಗೂ ಗೊನೆ ಹೊತ್ತ ಬಳ್ಳಿಗೂ ಒಂದೇ ಅಳತೆಯ ನೀರು, ಗೊಬ್ಬರ ಕೊಡುವವರು ತಿಕೋಟಾ ಸೀಮೆಯಲ್ಲಿ ಯಾರೂ ಇಲ್ಲ. ಎಳೆಯ ಬೇರು ಹೆಚ್ಚನ್ನೂ ತಾಳದು, ಕೊರತೆಯನ್ನೂ ತಾಳದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಸಕ್ಕರೆಯ ವಿಷಯವೂ ಹೀಗೆಯೇ.

ಇಂಥ ಕೂಸನ್ನು ವಿಜಯಪುರದ ದವಾಖಾನೆಯಲ್ಲಿ ಇರಿಸಿದಾಗ "ಕೂಸಿನ ಶುಗರ್ ಏರಿದೆ" ಎಂದು ಡಾಕ್ಟರರು ತಿಳಿಸುವುದುಂಟು. ಆ ಮಾತು ಕೇಳಿ ಕೆಲವರು, ಇದು ಹುಟ್ಟಿನಿಂದ ಬಂದ ಸಕ್ಕರೆ ರೋಗವೆಂದು ಎದೆಗುಂದುತ್ತಾರೆ. ಕೆಲವರು, ಬಸುರಿಯಿದ್ದಾಗ ಸಿಹಿ ತಿಂದಳೆಂದು ಸೊಸೆಯನ್ನು ದೂರುತ್ತಾರೆ. ಕೂಸನ್ನು ಬಿಡಿಸಿಕೊಂಡು ಊರಿಗೆ ಹೊರಡುವವರೂ ಉಂಟು. ಈ ಮೂರೂ ತಪ್ಪು. ಮೂರನೆಯದಂತೂ ಕೂಸಿನ ಜೀವಕ್ಕೇ ಎರವಾಗಬಹುದು. ಆದುದರಿಂದ ಈ ಸಂಗತಿಯನ್ನು ಸರಿಯಾಗಿ ತಿಳಿದುಕೊಳ್ಳೋಣ.

ಸಕ್ಕರೆ ಏಕೆ ಏರುತ್ತದೆ?

ಗರ್ಭದಲ್ಲಿ 37 ವಾರ ತುಂಬುವ ಮೊದಲು ಹುಟ್ಟಿದ ಕೂಸಿಗೆ ದಿನ ತುಂಬದ ಕೂಸು ಎನ್ನುತ್ತೇವೆ. ಬಹು ಬೇಗ ಹುಟ್ಟಿದ, ವಿಶೇಷವಾಗಿ ಒಂದು ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ ಮೊದಲ ವಾರದೊಳಗೆ ಸಕ್ಕರೆ ಏರುವುದು ಹೆಚ್ಚು.

ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್ ಎಂಬ ರಸ. ದಿನ ತುಂಬದ ಕೂಸಿನಲ್ಲಿ ಈ ರಸ ಸಾಕಷ್ಟು ಹುಟ್ಟುವುದಿಲ್ಲ. ಹುಟ್ಟಿದ್ದೂ ಪೂರ್ತಿ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಸಕ್ಕರೆ ಬರುತ್ತಿದ್ದರೂ ಯಕೃತ್ತು ತಾನೂ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಕೂಸಿಗೆ ಸೋಂಕು ತಗಲಿದರೆ, ಉಸಿರಾಟದ ತೊಂದರೆಯಾದರೆ, ಕೆಲವು ಔಷಧಿ ಕೊಟ್ಟರೆ ಸಕ್ಕರೆ ಇನ್ನೂ ಏರುತ್ತದೆ.

ಹಾಗಾದರೆ ಗ್ಲೂಕೋಸಿನ ಸಲೈನ್ ಹಚ್ಚುವುದೇಕೆಂದು ನೀವು ಕೇಳಬಹುದು. ಕೂಸಿಗೆ ಹಾಲು ಎಳೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಕ್ಕರೆ ಪೂರಾ ನಿಂತರೆ ಮೆದುಳಿಗೆ ಆಹಾರವಿಲ್ಲದಂತಾಗುತ್ತದೆ. ಆದುದರಿಂದ ಮೊದಲಿಗೆ ಒಂದು ಕಿಲೋ ತೂಕದ ಕೂಸಿಗೆ ದಿನದ 24 ಗಂಟೆಗೆ ಸೇರಿ ಸುಮಾರು 6ರಿಂದ 9 ಗ್ರಾಂ ಗ್ಲೂಕೋಸು ಹನಿಹನಿಯಾಗಿ ಹೋಗುತ್ತದೆ. ಎಂದರೆ ಒಂದೆರಡು ಚಹಾ ಚಮಚದಷ್ಟು. ಇಡೀ ದಿನದ ಲೆಕ್ಕವೇ ಇಷ್ಟಿರುವಾಗ, ಪ್ರೀತಿಯಿಂದ ಅಜ್ಜಿ ಹಾಕುವ ಒಂದು ಚಮಚ ಸಕ್ಕರೆ ನೀರು ಎಷ್ಟು ದೊಡ್ಡದೆಂಬುದನ್ನು ಯೋಚಿಸಿರಿ.

ಇದು ದೊಡ್ಡವರ ಸಕ್ಕರೆ ರೋಗವಲ್ಲ

ಬಹುಪಾಲು ಕೂಸುಗಳಲ್ಲಿ ಇದು ಕೆಲವು ದಿನಗಳಲ್ಲಿ ತಾನಾಗಿ ಹತೋಟಿಗೆ ಬರುತ್ತದೆ. ಹುಟ್ಟಿದ ಕೂಸಿಗೆ ನಿಜವಾದ ಸಕ್ಕರೆ ರೋಗ ಬರುವುದು ಬಹು ಅಪರೂಪ. ಸಕ್ಕರೆ ವಾರಗಟ್ಟಲೆ ಇಳಿಯದಿದ್ದರೆ ಮಾತ್ರ ಡಾಕ್ಟರರು ಆ ಪರೀಕ್ಷೆ ಮಾಡಿಸುತ್ತಾರೆ. ತಾಯಿ ತಿಂದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆ ರೋಗವಿದ್ದ ತಾಯಿಯ ಕೂಸಿಗೆ ಹುಟ್ಟಿದ ಕೂಡಲೇ ಸಕ್ಕರೆ ಇಳಿಯುವುದೇ ಹೆಚ್ಚು.

ಹಾಗೆಂದು ಅಲಕ್ಷ್ಯ ಮಾಡುವಂತಿಲ್ಲ. ಸಕ್ಕರೆ ಬಹಳ ಏರಿದರೆ ಅದು ಮೂತ್ರದೊಡನೆ ಮೈಯ ನೀರನ್ನೂ ಎಳೆದೊಯ್ಯುತ್ತದೆ. ಕೂಸು ಒಣಗುತ್ತದೆ, ತೂಕ ಇಳಿಯುತ್ತದೆ. ಕಣ್ಣಿಂದ ನೋಡಿ ಇದನ್ನು ಕಂಡುಹಿಡಿಯಲಾಗದು. ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು.

ದವಾಖಾನೆಯಲ್ಲಿ ಮಾಡುವ ಉಪಚಾರ

ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಳೆಯುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 45 ಮಿಲಿಗ್ರಾಂಗಿಂತ ಇಳಿದರೆ ಕಡಿಮೆ, 150 ದಾಟಿದರೆ ಹೆಚ್ಚು. 180-200ರ ಮೇಲೆ ಹೋದರೆ ಉಪಚಾರಕ್ಕೆ ಕೈಹಾಕುತ್ತಾರೆ. ಮೇಲಿಂದ ಮೇಲೆ ಚುಚ್ಚುವುದನ್ನು ಕಂಡು ಬೇಸರಪಡಬೇಡಿರಿ. ಅಳೆಯದೆ ಉಪಚಾರವಿಲ್ಲ.

ಮೊದಲು ಮಾಡುವುದು ಸಲೈನಿನ ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು. ಹನಿ ನೀರಾವರಿಯಲ್ಲಿ ವಾಲ್ವ್ ತಿರುವಿ ನೀರು ಕಡಿಮೆ ಮಾಡುವುದುಂಟು, ಗೊಬ್ಬರದ ದ್ರಾವಣವನ್ನು ತೆಳುವಾಗಿಸುವುದೂ ಉಂಟು, ಇಲ್ಲಿಯೂ ಹಾಗೆಯೇ. ಒಮ್ಮೆಲೇ ನಿಲ್ಲಿಸುವುದಿಲ್ಲ. ಜೊತೆಗೆ ಸೋಂಕು ಇದೆಯೇ ಎಂದು ಹುಡುಕಿ ಅದಕ್ಕೆ ಔಷಧಿ ಕೊಡುತ್ತಾರೆ. ತಾಯಿಯ ಹಾಲನ್ನು ಆದಷ್ಟು ಬೇಗ ಆರಂಭಿಸುತ್ತಾರೆ. ಇಷ್ಟರಿಂದಲೂ ಇಳಿಯದಿದ್ದರೆ ಮಾತ್ರ ಇನ್ಸುಲಿನ್. ಅದರಿಂದ ಸಕ್ಕರೆ ಕುಸಿಯುವ ಭಯವುಂಟು. ಸಣ್ಣ ಕೂಸುಗಳಿಗೆ ಮುಂಚೆಯೇ ಇನ್ಸುಲಿನ್ ಕೊಟ್ಟು ನೋಡಿದ ಯುರೋಪಿನ ಒಂದು ದೊಡ್ಡ ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು. ಕೂಸುಗಳು ಉಳಿಯುವುದರಲ್ಲಿ ಲಾಭ ಕಾಣಲಿಲ್ಲ. ಸಕ್ಕರೆ ಕುಸಿತ ಹೆಚ್ಚಿತು. ಆದುದರಿಂದ "ಇಂಜೆಕ್ಷನ್ ಯಾಕೆ ಕೊಡಲಿಲ್ಲ?" ಎಂದು ಜಗಳಕ್ಕೆ ನಿಲ್ಲಬಾರದು.

ಮನೆಯವರ ಕೆಲಸ

1. ಹಾಲು: ತಾಯಿಯ ಮೊದಲ ಹಳದಿ ಹಾಲನ್ನು ಚೆಲ್ಲಬಾರದು. ಕೂಸು ಎಳೆಯದಿದ್ದರೂ ಎರಡು ಮೂರು ತಾಸಿಗೊಮ್ಮೆ ಹಾಲು ಹಿಂಡಿ ಕೊಡಬೇಕು. ಅದನ್ನು ನಳಿಕೆಯಿಂದಲೋ ಒಳಲೆಯಿಂದಲೋ ಕುಡಿಸುತ್ತಾರೆ. ಕೂಸಿನ ಶುಗರ್ ಏರಿತೆಂದು ಬಾಣಂತಿಯನ್ನು ಉಪವಾಸ ಕೆಡವಬಾರದು. ರೊಟ್ಟಿ, ಬೇಳೆ, ಪಲ್ಯ ಹೊಟ್ಟೆ ತುಂಬ ಉಣ್ಣಲಿ.

2. ಬೆಚ್ಚಗೆ ಇಡುವುದು: ಡಾಕ್ಟರರು ಒಪ್ಪಿದ ಕೂಡಲೇ ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿ ಬಟ್ಟೆ ಸುತ್ತಬೇಕು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ಇದನ್ನು ವ್ಯಾಪಕವಾಗಿ ನಡೆಸಿ ನೋಡಿದ್ದಾರೆ. ತಂದೆಯೂ ಅಜ್ಜಿಯೂ ಮಾಡಬಹುದು; ಗಂಡಸರು ಸಂಕೋಚಪಡಬೇಕಾದ್ದಿಲ್ಲ.

3. ಶುಚಿ: ಕೈಯನ್ನು ಸಾಬೂನಿನಿಂದ ತೊಳೆಯದೆ ಕೂಸನ್ನು ಮುಟ್ಟಕೂಡದು.

4. ಬಾಯಿಗೆ ಬೇರೇನೂ ಬೇಡ: ಜೇನು, ಬೆಲ್ಲದ ನೀರು, ಸಕ್ಕರೆ ನೀರು, ಗುಟ್ಟಿ, ಆಕಳ ಹಾಲು ಯಾವುದೂ ಕೂಡದು. ಜೇನಿನಲ್ಲಿರಬಹುದಾದ ಒಂದು ಕ್ರಿಮಿ ವರ್ಷದೊಳಗಿನ ಕೂಸಿಗೆ ವಿಷವಾಗುತ್ತದೆ.

5. ಕಣ್ಣು: ಬಹು ಬೇಗ ಹುಟ್ಟಿದ ಕೂಸಿನ ಕಣ್ಣಿನ ಪರದೆಗೆ ಕೇಡಾಗಿ ಕುರುಡು ಬರುವುದುಂಟು. ಹುಟ್ಟಿದ 30 ದಿನದೊಳಗೆ ಕಣ್ಣು ಪರೀಕ್ಷೆ ಮಾಡಿಸಲೇಬೇಕು.

ಹೊತ್ತು ಮೀರಿಸಬೇಡಿರಿ

ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರ ದೂರವೇನಲ್ಲ. ದಿನ ತುಂಬುವ ಮೊದಲೇ ಗರ್ಭಿಣಿಗೆ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಚಾಟ್ನಿಯ ಕೆಲಸವಿದೆ, ರಾಶಿ ಇದೆ ಎಂದು ಕಾಯದೆ 108ಕ್ಕೆ ಕರೆ ಮಾಡಿರಿ. ಹೆರಿಗೆಗೆ ಮುನ್ನ ದವಾಖಾನೆ ಮುಟ್ಟಿದರೆ ಕೂಸಿನ ಪುಪ್ಪುಸ ಬಲಿಯಲು ತಾಯಿಗೆ ಚುಚ್ಚುಮದ್ದು ಕೊಡಲು ಸಮಯ ಸಿಗುತ್ತದೆ. ಹುಟ್ಟಲಿರುವ ಕೂಸನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಒಳ್ಳೆಯ ಗಾಡಿ ಬೇರೆ ಇಲ್ಲ.

ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇಂಥ ಕೂಸುಗಳ ಆರೈಕೆ ನಡೆಯುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ದವಾಖಾನೆಯಲ್ಲಿ ಕೂಸಿನ ಔಷಧಿ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಸಾಲ ಮಾಡಬೇಕಾದೀತೆಂಬ ಭಯದಿಂದ ಕೂಸನ್ನು ನಡುವೆ ಬಿಡಿಸಿಕೊಂಡು ಬರಬೇಡಿರಿ. ಬಿಡುಗಡೆಯಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೂಸನ್ನು ತೋರಿಸಿರಿ. ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಮಂಕಾಗಿ ಮಲಗಿದರೆ, ಫಿಟ್ಸ್ ಬಂದರೆ ಆ ಕ್ಷಣವೇ ದವಾಖಾನೆಗೆ ಒಯ್ಯಿರಿ.

ಸಕ್ಕರೆ ಅಳೆದು ಏರಿಸಿ ಇಳಿಸುವುದು ಡಾಕ್ಟರರ ಕೆಲಸ. ಹಾಲು, ಬಿಸುಪು, ಶುಚಿ, ತಾಳ್ಮೆ ನಮ್ಮ ಕೆಲಸ. ಮನೆಯಲ್ಲಿ ಓದು ಬಾರದ ಅತ್ತೆ, ಅಜ್ಜಿಯರಿದ್ದರೆ ಈ ಪಾಠವನ್ನು ಅವರಿಗೆ ಓದಿ ಹೇಳಿರಿ. ಕೂಸನ್ನು ಎತ್ತಿ ಆಡಿಸುವ ಕೈಗಳು ಅವರವೇ.